ನಿಲ್ಲಿಸದೆ ಬಂದ ಭಾನುವಾರ

ಹಾಸನವನ್ನು ದೊಡ್ಡ ನಗರ ಎಂದರೆ ಬೆಂಗಳೂರಿನವರು ನಗಬಹುದು. ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ಮದುವೆಯಾಗಿ ಹೊಳೆನರಸೀಪುರಕ್ಕೆ ಬಂದು, ಅಲ್ಲಿ ಒಂದೇ ಬೀದಿಯಲ್ಲಿ ಹತ್ತೊಂಬತ್ತು ವರ್ಷ ಕಳೆದ ನನಗೆ ಮಾತ್ರ ಅದು ದೊಡ್ಡದೇ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಇಲ್ಲಿಗೆ ಬಂದಾಗ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವರ ಅಂಗಿಯ ತುದಿ ಹಿಡಿದರೆ, ವಾಪಸು ಬಸ್ಸು ಹತ್ತುವವರೆಗೆ ಬಿಡುತ್ತಿರಲಿಲ್ಲ. ನಲವತ್ತನಾಲ್ಕನೇ ವಯಸ್ಸಿನಲ್ಲಿ, ಗಂಡನಿಗೆ ವರ್ಗವಾಗಿ ಇಲ್ಲೇ ಮನೆ ಮಾಡಿದಾಗ ಹಿಡಿದುಕೊಳ್ಳಲು ಯಾರ ಅಂಗಿಯೂ ಇರಲಿಲ್ಲ.

ನಾನು ಮೊದಲಿನಿಂದಲೂ ಪುಕ್ಕಲಿ. ಗುಡುಗಿಗೆ, ನಾಯಿಗೆ, ಗೊತ್ತಿಲ್ಲದ ಬಾಗಿಲಿನ ಕರೆಗಂಟೆ ಒತ್ತುವುದಕ್ಕೆ, ಎಲ್ಲಕ್ಕೂ ಹೆದರುವವಳು. ಹಾಸನಕ್ಕೆ ಬಂದ ಮೊದಲ ವರ್ಷ ಬಿ.ಎಂ. ರಸ್ತೆ ದಾಟುವುದಕ್ಕೆ ನಿಂತು, ಹತ್ತು ನಿಮಿಷವಾದರೂ ದಾಟಲಾಗದೆ ಮನೆಗೆ ಹಿಂದಿರುಗಿದ್ದೂ ಉಂಟು. ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಳು. ಗಂಡ ಬೆಳಿಗ್ಗೆ ಹೋದರೆ ಸಂಜೆ ಬರುವವರು. ತರಕಾರಿ ಬೇಕಾದರೂ ಗಾಡಿಯವನು ಮನೆ ಮುಂದೆ ಬರಲಿ ಎಂದು ಕಾಯುತ್ತಿದ್ದೆ.

ಇದನ್ನು ಕಂಡು ಸುಮ್ಮನಿರಲಾರದವಳು ನನ್ನ ನಾದಿನಿ, ಗಂಡನ ತಂಗಿ. ಚನ್ನರಾಯಪಟ್ಟಣದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಬ್ಲೌಸು ಹೊಲಿಯುವ ಅಂಗಡಿ ಇಟ್ಟುಕೊಂಡವಳು. ನನಗಿಂತ ಆರು ವರ್ಷ ಚಿಕ್ಕವಳು, ಧೈರ್ಯದಲ್ಲಿ ನನಗಿಂತ ಹತ್ತು ಪಾಲು ಹೆಚ್ಚು. ಅಣ್ಣನ ಮೇಲೆ ಜೋರು ಮಾಡಿ ನನಗೊಂದು ಕೆಂಪು ಸ್ಕೂಟರ್ ಕೊಡಿಸಿದಳು. ಬೂವನಹಳ್ಳಿಯ ಕಡೆ ವಿಮಾನ ನಿಲ್ದಾಣಕ್ಕೆಂದು ಬಿಟ್ಟ ಬಯಲಿನ ಪಕ್ಕದ ಖಾಲಿ ರಸ್ತೆಯಲ್ಲಿ, ನಾಲ್ಕು ಭಾನುವಾರ ನನ್ನ ಹಿಂದೆ ಕೂತು, ಸೊಂಟ ಹಿಡಿದು, ಓಡಿಸುವುದನ್ನು ಕಲಿಸಿದಳು. ಲೈಸೆನ್ಸ್ ಬಂದ ದಿನ ಅವಳಿಗೆ ನನಗಿಂತ ಹೆಚ್ಚು ಖುಷಿಯಾಗಿತ್ತು.

ಆಮೇಲೆ ಶುರುವಾದದ್ದು ನಮ್ಮ ಊರು ನೋಡುವ ಭಾನುವಾರಗಳು. ಅವಳು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಚನ್ನರಾಯಪಟ್ಟಣದ ಬಸ್ಸಿನಿಂದ ಇಳಿಯುವಳು. ತಿಂಡಿ ತಿಂದು ಇಬ್ಬರೂ ಹೊರಡುವೆವು. ಎಲ್ಲಿಗೆ ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಿರಲಿಲ್ಲ. ಹಿಂದೆ ಕೂತವಳು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಮುಖ್ಯ ರಸ್ತೆಗಳಿಗಿಂತ ಓಣಿಗಳೇ ನನಗೆ ಹಿತ, ಅಲ್ಲಿ ಬಸ್ಸು ಲಾರಿ ಬರುವುದಿಲ್ಲ. ಹಾಗೆ ಸುತ್ತುವಾಗ ಎಷ್ಟೆಲ್ಲ ಕಂಡೆವು. ಸಂತೆಪೇಟೆಯ ಹಿಂದೆ ಒಬ್ಬ ಮುದುಕ ಇನ್ನೂ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದ. ನಾವು ನಿಂತು ನೋಡುತ್ತಿದ್ದಂತೆ ಕಪ್ಪಾಗಿದ್ದ ಕೊಳದಪ್ಪಲೆಯ ಒಳಗೆ ಬಟ್ಟೆಯ ಉಂಡೆ ಒಂದು ಸುತ್ತು ಸುತ್ತಿಸಿದ, ಬೆಳ್ಳಿಯಂತೆ ಹೊಳೆಯಿತು. ಇನ್ನೊಂದು ಭಾನುವಾರ ಬಿತ್ತನೆ ಆಲೂಗಡ್ಡೆ ಇಡುವ ಕೋಲ್ಡ್ ಸ್ಟೋರೇಜಿನ ಮುಂದೆ ದಾರಿ ತಪ್ಪಿ ನಿಂತಾಗ, ಏಪ್ರಿಲ್ ಬಿಸಿಲಿಗೆ ಬೆವೆತಿದ್ದ ನಮ್ಮನ್ನು ಕಂಡು ಅಲ್ಲಿನ ವಾಚ್‌ಮನ್ ಬಾಗಿಲ ಬಳಿ ಐದು ನಿಮಿಷ ನಿಲ್ಲಲು ಬಿಟ್ಟ. ಒಳಗಿನಿಂದ ಬಂದ ಚಳಿಗೆ, ಒದ್ದೆ ಮಣ್ಣಿನ ವಾಸನೆಗೆ ಇಬ್ಬರೂ ಹುಡುಗಿಯರ ಹಾಗೆ ನಕ್ಕೆವು. ಪೆನ್ಷನ್ ಮೊಹಲ್ಲಾದ ಒಂದು ಮನೆಯ ಹಿತ್ತಿಲಿನ ಬಾವಿಯಲ್ಲಿ ಆಮೆ ಇತ್ತು. ಆ ಮನೆಯಾಕೆ ನಮ್ಮನ್ನು ಕರೆದು ತೋರಿಸಿ, ಮಜ್ಜಿಗೆ ಕೊಟ್ಟು ಕಳಿಸಿದಳು.

ಹೆದರಿಕೆ ಹೋಗಿರಲಿಲ್ಲ. ಹ್ಯಾಂಡಲ್ ಹಿಡಿದ ಅಂಗೈ ಪ್ರತಿ ಸಲವೂ ಬೆವರುತ್ತಿತ್ತು. ಆದರೆ ಹೆದರಿಕೊಂಡೇ ಊರು ನೋಡಬಹುದು ಎನ್ನುವುದು ಆ ವಯಸ್ಸಿನಲ್ಲಿ ನನಗೆ ಗೊತ್ತಾಗಿತ್ತು.

ಆ ಭಾನುವಾರ ಆಷಾಢದ ಗಾಳಿ ಇತ್ತು, ಮಳೆ ಇರಲಿಲ್ಲ. ಹುಣಸಿನಕೆರೆ ಕಡೆಯ ಒಂದು ಓಣಿಗೆ ನುಗ್ಗಿದ್ದೆವು. ಸಣ್ಣ ಇಳಿಜಾರು, ಎರಡೂ ಕಡೆ ಮನೆಗಳು ರಸ್ತೆಗೇ ಮೆಟ್ಟಿಲು ಬಿಟ್ಟಿದ್ದವು. ಕೊನೆಗೆ ಎಡಕ್ಕೊಂದು ತಿರುವು. ತಿರುವಿನ ಮೊದಲು ಒಂದು ಆಟೋ ನಿಂತಿತ್ತು. ನಾದಿನಿ ಹಿಂದಿನಿಂದ ಒಂದು ಮನೆಯ ಹಳೆಯ ಬಾಗಿಲನ್ನು ತೋರಿಸಿ, ಅದರ ಕೆತ್ತನೆ ನೋಡಿ ಅತ್ತಿಗೆ ಎಂದಳು. ನಾನು ಅತ್ತ ನೋಡಿದೆ. ಒಂದೇ ಒಂದು ಗಳಿಗೆ. ಕಣ್ಣು ಮುಂದಕ್ಕೆ ತಂದಾಗ ಆಟೋದ ಮರೆಯಿಂದ ಒಬ್ಬ ಮುದುಕಿ ರಸ್ತೆಗೆ ಬಂದಿದ್ದರು. ಕೈಯಲ್ಲಿ ಸೊಪ್ಪು ತುಂಬಿದ ಚೀಲ ಇತ್ತು.

ಬ್ರೇಕು ಹಿಡಿದೆ. ಸ್ಕೂಟರ್ ಓಲಾಡಿತು. ಎಡಗಡೆಯ ಕನ್ನಡಿ ಅವರ ಮೊಣಕೈಗೆ ತಗುಲಿದ ಸಪ್ಪಳ ನನಗೆ ಕೇಳಿಸಿತು. ಅವರು ಪಕ್ಕಕ್ಕೆ, ಕಲ್ಲಿನ ಮೆಟ್ಟಿಲಿನ ಕಡೆಗೆ ಬಿದ್ದರು. ಕೂಗಲಿಲ್ಲ.

ಸ್ಕೂಟರ್ ಹೆಚ್ಚು ಕಡಿಮೆ ನಿಂತಿತ್ತು. ನನ್ನ ಒಂದು ಕಾಲು ನೆಲಕ್ಕೆ ತಾಗಿತ್ತು. ನಾದಿನಿ ನನ್ನ ಭುಜವನ್ನು ಉಗುರು ನೆಡುವಂತೆ ಹಿಡಿದು, "ನಿಲ್ಲಿಸ್ಬ್ಯಾಡಿ ಅತ್ತಿಗೆ, ಓಗಿ, ಓಗಿ" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಹೋದದ್ದು ನಾನು. ಅವಳು ಹೇಳಿದಳು ನಿಜ, ಆದರೆ ಹ್ಯಾಂಡಲ್ ತಿರುವಿದ ಕೈ ನನ್ನದು. ತಿರುವು ದಾಟುವ ಮೊದಲು ಕನ್ನಡಿಯಲ್ಲಿ ಕಂಡದ್ದು ಇಷ್ಟು: ಮುದುಡಿ ಬಿದ್ದ ಒಂದು ಹಸಿರು ಸೀರೆ, ದೂರದಲ್ಲಿ ಒಂದು ಚಪ್ಪಲಿ, ರಸ್ತೆಯ ತುಂಬ ಸೊಪ್ಪು. ಸೀರೆ ಅಲುಗಿತೋ ಇಲ್ಲವೋ ತಿಳಿಯಲಿಲ್ಲ. ಅಷ್ಟರಲ್ಲಿ ಗೋಡೆ ಅಡ್ಡ ಬಂತು.

ಮನೆಗೆ ಹೇಗೆ ಬಂದೆವೋ ನೆನಪಿಲ್ಲ. ಗೇಟು ಹಾಕಿ, ಸ್ಕೂಟರನ್ನು ಹಿಂದಿನ ನಲ್ಲಿಯ ಹತ್ತಿರ ನಿಲ್ಲಿಸಿ, ನೀರಿನ ಟ್ಯಾಂಕಿಗೆ ಹೊದಿಸಿದ್ದ ಟಾರ್ಪಾಲನ್ನು ಎಳೆದು ಅದರ ಮೇಲೆ ಮುಚ್ಚಿದೆ. ಎಡಗಡೆಯ ಕನ್ನಡಿ ಒಳಕ್ಕೆ ತಿರುಗಿತ್ತು, ಒಡೆದಿರಲಿಲ್ಲ. ಗಂಡ ಪೇಪರು ಓದುತ್ತಾ ಇಷ್ಟು ಬೇಗ ಬಂದಿರಲ್ಲ ಎಂದರು. ಸ್ಕೂಟರ್ ಯಾಕೋ ಸರಿ ಇಲ್ಲ ಎಂದೆ. ನಾದಿನಿ ಊಟಕ್ಕೂ ನಿಲ್ಲದೆ ಹೊರಟಳು. ಗೇಟಿನ ಹತ್ತಿರ ನನ್ನ ಕೈ ಹಿಡಿದು, ಯಾರಿಗೂ ಬಾಯಿ ಬಿಡಬೇಡಿ, ಅಣ್ಣನಿಗೂ ಬೇಡ, ಮುದುಕಿ ಎದ್ದು ಮನೆಗೆ ಹೋಗಿರುತ್ತೆ ಎಂದು ಹೇಳಿದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವಳ ಹೆದರಿಕೆಯ ಮೂಲ ನನಗೆ ಗೊತ್ತಿತ್ತು. ಕೆಲವು ವರ್ಷದ ಹಿಂದೆ ಅವಳ ಗಂಡ ಹೆದ್ದಾರಿಯಲ್ಲಿ ಬಿದ್ದಿದ್ದ ಒಬ್ಬನನ್ನು ಕಂಡು ತನ್ನ ಪಿಕಪ್ ನಿಲ್ಲಿಸಿ ಎತ್ತಲು ಇಳಿದರು. ಗುದ್ದಿದ್ದು ಬೇರೆ ಯಾವುದೋ ಕಾರು. ಸೇರಿದ ಜನಕ್ಕೆ ಕಂಡದ್ದು ಇವರ ಗಾಡಿ. ಅವರ ಏಟಿಗೆ ಮೂರು ಹಲ್ಲು ಹೋಯಿತು, ಒಂದು ಕಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಅಂದಿನಿಂದ ರಸ್ತೆಯಲ್ಲಿ ನಾಲ್ಕು ಜನ ಗುಂಪು ಕೂಡಿದರೆ ಸಾಕು, ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಅದಕ್ಕೇ ನಾನು ಅವಳನ್ನು ದೂರಲಾರೆ. ನನಗೆ ಅಂಥ ಕಾರಣ ಯಾವುದೂ ಇರಲಿಲ್ಲ.

ಮುಂದಿನ ದಿನಗಳು ಹೇಗಿದ್ದವು ಎಂದು ಹೇಳುವುದು ಕಷ್ಟ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದೆ. ಬೀದಿಯಲ್ಲಿ ಯಾವುದೇ ಗಾಡಿ ನಿಧಾನವಾದರೆ ಕಿಟಕಿಯ ಪರದೆಯ ಹಿಂದೆ ಹೋಗಿ ನಿಲ್ಲುತ್ತಿದ್ದೆ. ಆ ಓಣಿಯ ಮನೆಗಳಲ್ಲಿ ಯಾವುದಾದರೊಂದರ ಮೇಲೆ ಕ್ಯಾಮೆರಾ ಇದ್ದೇ ಇರುತ್ತದೆ, ಅದರಲ್ಲಿ ಕೆಂಪು ಸ್ಕೂಟರ್, ಅದರ ನಂಬರು, ಹೆಲ್ಮೆಟ್ಟಿನೊಳಗಿನ ನನ್ನ ಮುಖ ಎಲ್ಲವೂ ಇರುತ್ತದೆ ಎಂದು ಮನಸ್ಸಿನಲ್ಲೇ ನೋಡುತ್ತಿದ್ದೆ. ಬುಧವಾರ ಪೊಲೀಸ್ ಜೀಪು ನಮ್ಮ ಬೀದಿಗೆ ನಿಜವಾಗಿಯೂ ಬಂತು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ನಲ್ಲಿ ಬಿಟ್ಟು, ಬಕೆಟ್ಟಿನ ಮೇಲೆ ಕೂತೆ. ಎಷ್ಟೋ ಹೊತ್ತಾದ ಮೇಲೆ ಹೊರಗೆ ಬಂದರೆ ಜೀಪು ಹೋಗಿತ್ತು. ಎದುರುಮನೆಯವರ ಮಗಳ ಪಾಸ್‌ಪೋರ್ಟ್ ವಿಚಾರಣೆಗೆ ಬಂದಿದ್ದರಂತೆ.

ದಿನಾ ಪೇಪರಿನ ಜಿಲ್ಲಾ ಪುಟವನ್ನು ಗಂಡ ಎದ್ದೇಳುವ ಮೊದಲೇ ಓದುತ್ತಿದ್ದೆ. ದೊಡ್ಡ ಸುದ್ದಿಗಳಲ್ಲ, ಮೂಲೆಯಲ್ಲಿ ಬರುವ ನಾಲ್ಕು ಸಾಲಿನವು. ಶುಕ್ರವಾರ ಸಿಕ್ಕಿತು. ಅಪರಿಚಿತ ವಾಹನ ಡಿಕ್ಕಿ, ಮಹಿಳೆ ಸಾವು. ಬಾಗಿಲಿನ ಚೌಕಟ್ಟು ಹಿಡಿದುಕೊಂಡೆ. ಎರಡನೇ ಸಲ ಓದಿದಾಗ ಅದು ಹೆದ್ದಾರಿಯಲ್ಲಿ ನಡೆದದ್ದೆಂದೂ ಸತ್ತವರಿಗೆ ಮೂವತ್ತೈದು ವರ್ಷವೆಂದೂ ತಿಳಿಯಿತು. ದೇವರೇ, ಸದ್ಯ ಎಂದುಕೊಂಡೆ. ಬಾಯಲ್ಲಿ ಆ ಮಾತು ಇದ್ದಂತೆಯೇ ನಾನು ಏನಂದೆ ಎಂದು ಅರ್ಥವಾಯಿತು. ಯಾರದೋ ಮನೆಯಲ್ಲಿ ಮೂವತ್ತೈದರ ಹೆಂಗಸೊಬ್ಬಳು ಸತ್ತಿದ್ದಾಳೆ, ನಾನು ಸದ್ಯ ಎನ್ನುತ್ತಿದ್ದೇನೆ. ಅವತ್ತು ಪೊಲೀಸರಿಗಿಂತ ಹೆಚ್ಚಾಗಿ ನನಗೆ ನನ್ನ ಮೇಲೇ ಹೆದರಿಕೆಯಾಯಿತು.

ನಾದಿನಿಗೆ ಫೋನು ಮಾಡಿ, ಹೋಗಿ ನೋಡಿ ಬರೋಣ ಎಂದೆ. ಅತ್ತ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಆಮೇಲೆ, "ಓಗ್ಬ್ಯಾಡಿ ಅತ್ತಿಗೆ. ನನ್ ಮನೇಲಿ ಆಗಿದ್ದು ನೋಡಿದೀರಲ್ಲ, ನಿಮಗೂ ಅಂಗೇ ಆಯ್ತದೆ" ಎಂದಳು. ನಾನು ಒತ್ತಾಯಿಸಿದ್ದಕ್ಕೆ ಫೋನು ಇಟ್ಟಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ಗಂಡ ಕೇಳಿದಾಗ ಆಷಾಢ ಮುಗಿಯುತ್ತೆ, ಶ್ರಾವಣದ ಬ್ಲೌಸುಗಳ ಗಡಿಬಿಡಿ ಎಂದೆ. ಸುಳ್ಳುಗಳು ಎಷ್ಟು ಸಲೀಸಾಗಿ ಬರುತ್ತಿದ್ದವು ಎಂದರೆ, ಅದೂ ಒಂದು ಭಯವಾಯಿತು.

ಹದಿನೈದು ದಿನವಾದ ಮೇಲೆ ಒಬ್ಬಳೇ ಹೊರಟೆ. ಸ್ಕೂಟರ್ ಮುಟ್ಟಲಿಲ್ಲ, ಸಿಟಿ ಬಸ್ಸಿನಲ್ಲಿ ಹೋದೆ. ಓಣಿಯ ಬಾಯಿಗೆ ಬಂದಾಗ ಕಾಲು ಮುಂದೆ ಹೋಗಲಿಲ್ಲ. ಅಲ್ಲೊಂದು ಬೇಕರಿ ಇತ್ತು. ಬೇಡದಿದ್ದರೂ ಬ್ರೆಡ್ಡು ತೆಗೆದುಕೊಂಡು ಹಿಂದಿರುಗಿದೆ. ಮಾರನೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾರನ್ನೋ ನೋಡಲು ಬಂದವಳ ಹಾಗೆ ಬ್ರೆಡ್ಡಿನ ಚೀಲ ಹಿಡಿದು, ಮೂಳೆ ಮುರಿದವರ ವಾರ್ಡಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ. ಪ್ರತಿ ಮಂಚದ ಮೇಲೂ ಆ ಮುದುಕಿಯ ಮುಖ ಇರುತ್ತದೆ ಎಂದು ಹೆದರುತ್ತಿದ್ದೆ. ಆಗ ಹೊಳೆಯಿತು, ಅವರ ಮುಖವನ್ನು ನಾನು ನೋಡೇ ಇರಲಿಲ್ಲ. ಹಸಿರು ಸೀರೆ, ಸೊಪ್ಪಿನ ಚೀಲ, ಅಷ್ಟೇ. ಆ ಸಾಲಿನಲ್ಲಿ ಯಾರು ಬೇಕಾದರೂ ಅವರಾಗಿರಬಹುದಿತ್ತು. ಬ್ರೆಡ್ಡನ್ನು ಬಾಗಿಲ ಹತ್ತಿರದ ಮಂಚದಲ್ಲಿ ಒಬ್ಬರೇ ಇದ್ದ ಅಜ್ಜಿಗೆ ಕೊಟ್ಟು ಬಂದುಬಿಟ್ಟೆ.

ಮೂರನೇ ಸಲ ಓಣಿಯೊಳಕ್ಕೆ ಹೋದೆ. ಹಗಲು ಹನ್ನೊಂದರ ಹೊತ್ತು. ಆಟೋ ಅದೇ ಜಾಗದಲ್ಲಿತ್ತು. ಅದರೆದುರು ಒಂದು ದಿನಸಿ ಅಂಗಡಿ. ಇಲ್ಲಿ ಸೊಪ್ಪಿನ ಚೀಲ ಹಿಡಿದು ಓಡಾಡುವ ಅಜ್ಜಿ ಒಬ್ಬರಿದ್ದರಲ್ಲ ಎಂದು ಅಂಗಡಿಯವನನ್ನು ಕೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ಅವನು ಅಕ್ಕಿ ಅಳೆಯುತ್ತಾ ತಲೆಯೆತ್ತದೆ ಹೇಳಿದ:

"ಅವಮ್ಮ ಈಗ ಬರಾಕಿಲ್ಲ ಕಣಮ್ಮ. ಯಾವನೋ ಗಾಡಿಲಿ ಬಂದು ಗುದ್ಬುಟ್ಟು ಓಡೋದ. ಕೈ ಮುರುದೈತೆ."

ಕೈ. ಕೈ ಮಾತ್ರ. ಜೀವ ಇದೆ. ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅವನು ಬಿಸಿಲೇನೋ ಎಂದುಕೊಂಡು ನೀರು ಕೊಟ್ಟ. ನೀರು ಕುಡಿಯುತ್ತಾ ಅವನು ಹೇಳಿದ್ದನ್ನು ಮತ್ತೆ ಕೇಳಿಸಿಕೊಂಡೆ. ಯಾವನೋ. ಇವರೆಲ್ಲ ಯಾವನೋ ಗಂಡಸು ಎಂದುಕೊಂಡಿದ್ದಾರೆ. ಕ್ಯಾಮೆರಾ ಇಲ್ಲ, ನೋಡಿದವರಿಲ್ಲ. ನಾನು ಈಗ ಎದ್ದು ಮನೆಗೆ ಹೋಗಬಹುದು. ಮುದುಕಿ ಬದುಕಿದೆ ಎಂದು ನಾದಿನಿಗೆ ಹೇಳಬಹುದು. ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಬಂದಾಗ ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಹೀಗೆ ಎದ್ದು ಹೋದರೆ ಬಾಳಿಡೀ ಬಚ್ಚಲಿನಲ್ಲಿ ಚಿಲಕ ಹಾಕಿಕೊಂಡು ಕೂತಿರಬೇಕಾಗುತ್ತದೆ ಎನ್ನಿಸಿತು. ಅವರ ಮನೆ ಯಾವುದು ಎಂದು ಕೇಳಿದೆ. ತಿರುವು ದಾಟಿ ಮೂರನೆಯದು, ನೀಲಿ ಬಾಗಿಲು ಎಂದ.

ಬಾಗಿಲು ತೆರೆದೇ ಇತ್ತು. ಒಂದೇ ಉದ್ದನೆಯ ಕೋಣೆ, ಹಿಂದೆ ಒಲೆ. ಅಜ್ಜಿ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದರು. ಎಪ್ಪತ್ತರ ಆಸುಪಾಸು, ಸಣ್ಣ ಮೈ, ಕಿವಿಯಲ್ಲಿ ಓಲೆ. ಎಡಗೈಗೆ ಮೊಣಕೈಯಿಂದ ಕೆಳಗೆ ಪಟ್ಟಿ ಹಾಕಿ ಕತ್ತಿಗೆ ತೂಗುಬಿಟ್ಟಿದ್ದರು. ಮಗಳು ಬಟ್ಟೆ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದಾಳೆ, ಏನು ಬೇಕಿತ್ತು ಎಂದರು. ನಾನು ಯಾರೋ ಸರ್ವೆಗೆ ಬಂದವಳೆಂದು ತಿಳಿದಿರಬೇಕು, ರೇಷನ್ ಕಾರ್ಡು ಗೂಡಿನಲ್ಲಿದೆ ನೋಡು ಎಂದರು.

ನಾನು ಹೊಸ್ತಿಲ ಒಳಗೆ ನೆಲದ ಮೇಲೆ ಕೂತೆ. ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಯಾವುದೂ ಬರಲಿಲ್ಲ. ಅವತ್ತು ಗಾಡಿಯಲ್ಲಿ ಬಂದವಳು ನಾನು, ನಿಮ್ಮನ್ನು ಬೀಳಿಸಿದವಳು ನಾನೇ ಎಂದಷ್ಟೇ ಹೇಳಿದೆ.

ಅವರು ಮೊದಲು ಮಾಡಿದ್ದು ಒಂದೇ. ಕಾಲನ್ನು ಒಳಕ್ಕೆ ಎಳೆದುಕೊಂಡು, ಗೋಡೆಯ ಕಡೆಗೆ ಇನ್ನಷ್ಟು ಸರಿದರು. ಪಟ್ಟಿ ಹಾಕಿದ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡರು. ನನ್ನ ಜೀವಮಾನದಲ್ಲಿ ಯಾರೂ ನನಗೆ ಹೆದರಿದ್ದನ್ನು ನಾನು ಕಂಡಿರಲಿಲ್ಲ. ಅದನ್ನು ನೋಡುವುದು ಹೊಡೆತ ತಿನ್ನುವುದಕ್ಕಿಂತ ಕೆಟ್ಟದಾಗಿತ್ತು.

ಹಾಗೇ ಗೋಡೆಗೆ ಒತ್ತಿಕೊಂಡು ಕೇಳಿದರು. "ಯಾಕವ್ವ ನಿಲ್ಲಿಸ್ಲಿಲ್ಲ?"

ಹೆದರಿಕೆಯಾಯಿತು ಎಂದೆ.

"ನಂಗೂ ಎದ್ರಿಕೆ ಆಯ್ತು. ನಾನು ನೆಲದ ಮ್ಯಾಲೆ ಬಿದ್ದಿದ್ದೆ. ನಾನೆಲ್ಲಿಗೆ ಓಡ್ಲಿ?"

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ನೋಡುತ್ತಾ ಕೂತಿದ್ದರು. ಆಮೇಲೆ ತಾವಾಗಿ, ನನಗಲ್ಲ, ಗೋಡೆಗೆ ಹೇಳುವವರ ಹಾಗೆ ಹೇಳತೊಡಗಿದರು. ಬಿದ್ದು ಎಷ್ಟು ಹೊತ್ತಾಯಿತೋ ತಿಳಿಯದು, ಆಟೋದವನು ಬಂದು ಎತ್ತಿ ಆಸ್ಪತ್ರೆಗೆ ಕರೆದೊಯ್ದನಂತೆ. ಮೂಳೆ ಕೂಡುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಕೈಯ ಚಿಂತೆ ಅವರಿಗೆ ಅಷ್ಟಿರಲಿಲ್ಲ. ಅವತ್ತಿನಿಂದ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ಗಾಡಿಯ ಸದ್ದು ಕೇಳಿದರೆ ಎದೆ ಡವಗುಟ್ಟುತ್ತಿತ್ತು, ಕಾಲು ಸೋಲುತ್ತಿತ್ತು. ಬೀದಿ ನಲ್ಲಿಯಲ್ಲಿ ನೀರು ತರುವುದನ್ನೂ ಮಗಳೇ ಮಾಡಬೇಕಾಗಿತ್ತು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಹಾಸನದ ಖಾಲಿ ಸೈಟುಗಳನ್ನು ಸುತ್ತಿ ಬೆರಕೆ ಸೊಪ್ಪು ಕಿತ್ತು ತಂದು, ಗೊತ್ತಿರುವ ಮನೆಗಳಿಗೆ ಕೊಟ್ಟು ಬರುತ್ತಿದ್ದವರು ಈಗ ಆ ಕೋಣೆಯಲ್ಲಿ ಕೂತಿದ್ದರು.

ಮಗಳು ಬಂದಾಗ ಬಾ, ಅವಳಿಗೂ ಹೇಳು ಎಂದರು. ಅದು ಶಿಕ್ಷೆಯೋ ಸಲಹೆಯೋ ತಿಳಿಯಲಿಲ್ಲ. ಹೋಗುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ.

ಅವತ್ತು ಸಂಜೆ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಕಾಫಿ ಲೋಟವನ್ನು ಕೆಳಗಿಟ್ಟು, ಇಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ ಎಂದರು. ಜೊತೆಗೆ ಬರಲೇ ಎಂದು ಕೇಳಿದರು. ಬರಲಿ ಎಂದು ಜೀವ ಬಡಿದುಕೊಳ್ಳುತ್ತಿತ್ತು. ಬೇಡ ಎಂದೆ. ಅವರು ಬಂದರೆ ಮಾತೆಲ್ಲ ಅವರೇ ಆಡುತ್ತಾರೆ, ನಾನು ಹಿಂದೆ ನಿಲ್ಲುತ್ತೇನೆ ಎಂದು ಗೊತ್ತಿತ್ತು.

ಭಾನುವಾರ ಹೋದೆ. ಮಗಳು ನನ್ನ ವಯಸ್ಸಿನವಳು. ತಾಯಿ ಮೊದಲೇ ಹೇಳಿದ್ದರು. ಬಾಗಿಲಲ್ಲಿ ನನ್ನನ್ನು ಕಂಡ ಕೂಡಲೇ ಅವಳು ಫೋನು ತೆಗೆದು ನನ್ನ ಫೋಟೋ ಹಿಡಿದಳು. ಸ್ಟೇಷನ್ನಿಗೆ ಕೊಡುತ್ತೇನೆ ಎಂದಳು. ಕೊಡಿ ಎಂದೆ. ಅವಳು ಒಂದೊಂದಾಗಿ ಹೇಳಿದಳು: ಅವ್ವನ ಸೀರೆಗೆ ಅಂಟಿದ್ದ ರಕ್ತ, ಅವರು ನಿದ್ದೆಯಲ್ಲಿ ಬೆಚ್ಚಿ ಕೂಗುವುದು, ತಲೆ ಬಾಚಿಕೊಳ್ಳಲೂ ಆಗದೆ ಕೂತು ಅಳುವುದು. ಪಕ್ಕದ ಮನೆಗಳ ಬಾಗಿಲುಗಳು ತೆರೆದವು. ನಾಲ್ಕೈದು ಜನ ಬಂದು ನಿಂತರು. ನಾದಿನಿಯ ಗಂಡನ ಹಲ್ಲುಗಳು ನೆನಪಾದವು. ಈಗ ಹೊಡೆಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಯಾರೂ ಹೊಡೆಯಲಿಲ್ಲ. ದಿನಸಿ ಅಂಗಡಿಯವನೂ ಅಲ್ಲಿದ್ದ. ಅವನು ನೋಡಿದ ನೋಟ ಮಾತ್ರ ಹೊಡೆತದಂತೆಯೇ ಇತ್ತು.

ಕಡೆಗೆ ಒಳಗಿನಿಂದ ಅಜ್ಜಿ, "ಸಾಕು ಬುಡು, ತಾನಾಗೇ ಬಂದವ್ಳೆ" ಎಂದರು.

ಮಗಳಿಗೆ ಸಿಟ್ಟು ಇಳಿಯಲಿಲ್ಲ. ಆದರೆ ಸಿಟ್ಟಿನಲ್ಲೂ ಲೆಕ್ಕಾಚಾರದ ಹೆಂಗಸು. ಅವ್ವನನ್ನು ಆಸ್ಪತ್ರೆಗೆ ತೋರಿಸಲು ತನಗೆ ರಜೆ ಸಿಗುತ್ತಿಲ್ಲ, ಇನ್ನು ಮೇಲೆ ಪಟ್ಟಿ ಬಿಚ್ಚುವವರೆಗೆ, ಆಮೇಲೆ ಕೈ ಸರಿಯಾಗುವವರೆಗೆ ಕರೆದುಕೊಂಡು ಹೋಗಿ ಬರುವುದು ನಿನ್ನ ಕೆಲಸ ಎಂದಳು. ತಪ್ಪಿದರೆ ಫೋಟೋ ನನ್ನ ಹತ್ತಿರ ಇದೆ ಎಂದಳು. ಒಪ್ಪಿಕೊಂಡೆ.

ಮೊದಲ ಸಲ ಆಟೋ ಮನೆಯ ಮುಂದೆಯೇ ಬಂದು ನಿಂತರೂ ಅಜ್ಜಿಗೆ ಹೊಸ್ತಿಲು ದಾಟಲು ಅರ್ಧ ಗಂಟೆ ಬೇಕಾಯಿತು. ನನ್ನ ಕೈ ಹಿಡಿಯಲು ಒಪ್ಪಲಿಲ್ಲ. ಆಟೋದೊಳಗೆ ಕಣ್ಣು ಬಿಗಿಯಾಗಿ ಮುಚ್ಚಿ, ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತರು. ಅವರ ಪಕ್ಕದಲ್ಲಿ ಕೂತ ನನಗೂ ಪ್ರತಿ ಹಾರನ್ನಿಗೂ ಮೈ ಜುಂ ಎನ್ನುತ್ತಿತ್ತು. ಎರಡನೇ ಸಲವೂ ಹಾಗೇ. ಪಟ್ಟಿ ಬಿಚ್ಚಿದ ದಿನ ಸಣಕಲಾಗಿದ್ದ ಕೈಯನ್ನು ನೋಡಿ, ಇದು ನಂದಲ್ಲ ಎಂದರು. ಅಲ್ಲಿಂದ ಹೊರಟಾಗ, ಆಟೋ ಬೇಡ, ನಡೆದು ನೋಡೋಣ ಎಂದವರು ಅವರೇ. ಆಸ್ಪತ್ರೆಯ ಗೇಟಿನ ಹತ್ತಿರ ರಸ್ತೆ ದಾಟಬೇಕಿತ್ತು. ನಿಂತೆವು. ಬಸ್ಸು, ಬೈಕು, ಮತ್ತೆ ಬಸ್ಸು. ಅಜ್ಜಿ ನನ್ನ ಮುಖ ನೋಡಿದರು. ನಾನೂ ನಡುಗುತ್ತಿದ್ದೆ. ನಿನಗೂ ಹಿಂಗೇನಾ ಎಂದು ಕೇಳಿದರು. ಚಿಕ್ಕಂದಿನಿಂದಲೂ ಎಂದೆ. ಆಗ ಅವರು ಸರಿಯಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದರು. ಇಬ್ಬರೂ ದಾಟಿದೆವು. ದಾಟಿದ ಮೇಲೂ ಬಿಡಲಿಲ್ಲ.

ಈಗ ಒಂದು ವರ್ಷವಾಗುತ್ತಾ ಬಂತು. ಆಸ್ಪತ್ರೆಯ ಓಡಾಟ ಮುಗಿದಿದೆ. ಮಗಳು ನನ್ನ ಎದುರಿಗೇ ಫೋಟೋ ಅಳಿಸಿದಳು, ಆದರೂ ನಾನು ಹೋದಾಗ ಹೆಚ್ಚು ಮಾತಾಡುವುದಿಲ್ಲ. ಅದು ಅವಳ ಹಕ್ಕು. ವಾರಕ್ಕೆರಡು ದಿನ ನಾನು ಅಜ್ಜಿಯ ಜೊತೆ ಸೊಪ್ಪಿಗೆ ಹೋಗುತ್ತೇನೆ. ಸ್ಕೂಟರಿನಲ್ಲಿ ಕಂಡ ಹಾಸನ ಒಂದು, ಅವರ ಜೊತೆ ನಡೆದು ಕಂಡ ಹಾಸನ ಇನ್ನೊಂದು. ಯಾವ ಖಾಲಿ ಸೈಟಿನಲ್ಲಿ ಹೊನಗೊನ್ನೆ, ಯಾವ ಮೋರಿಯ ಪಕ್ಕ ಮುಟ್ಟಬಾರದು, ಯಾವ ಕಾಂಪೌಂಡಿನ ಬುಡದಲ್ಲಿ ಗಣಿಕೆ ಸೊಪ್ಪು ಬರುತ್ತದೆ ಎಲ್ಲವೂ ಅವರಿಗೆ ಗೊತ್ತು. ಸತ್ಯಮಂಗಲದ ಕಡೆ ಎರಡು ದೊಡ್ಡ ಮನೆಗಳ ನಡುವೆ, ಹೊರಗಿನಿಂದ ಕಾಣದ ಒಂದು ತುಂಡು ಹೊಲವೇ ಇದೆ. ಯಾರದೋ ವ್ಯಾಜ್ಯದಲ್ಲಿ ನಿಂತುಹೋದ ಜಾಗವಂತೆ. ಬೇಲಿಯ ಸಂದಿಯಲ್ಲಿ ನುಸುಳಿ ಒಳಗೆ ಹೋದರೆ ಮೊಣಕಾಲುದ್ದ ಅಣ್ಣೆ ಸೊಪ್ಪು. ಮೊದಲ ಸಲ ಅಲ್ಲಿಗೆ ಕರೆದೊಯ್ದಾಗ, ಇದನ್ನು ಯಾರಿಗೂ ಹೇಳಬೇಡ ಎಂದರು.

ಅವರ ಕೈ ಪೂರ್ತಿ ಸರಿಹೋಗಿಲ್ಲ. ಎಡಗೈಯಲ್ಲಿ ಸೊಪ್ಪಿನ ಕಟ್ಟು ಬಿಗಿಯಲು ಆಗುವುದಿಲ್ಲ, ಅದನ್ನು ನಾನು ಕಟ್ಟುತ್ತೇನೆ. ಹಿಂದಿನಿಂದ ಗಾಡಿ ಬಂದರೆ ಇಬ್ಬರೂ ಗೋಡೆಗೆ ಒತ್ತಿ ನಿಲ್ಲುತ್ತೇವೆ. ಅಂಥ ಹೊತ್ತಿನಲ್ಲಿ ಕೆಲವೊಮ್ಮೆ ಅವರು ನನ್ನತ್ತ ತಿರುಗಿ ನೋಡುವ ನೋಟ ಒಂದಿದೆ. ಅವತ್ತಿನದು ನೆನಪಾಗಿದೆ ಎಂದು ನನಗೆ ತಿಳಿಯುತ್ತದೆ. ಅವರು ನನ್ನನ್ನು ಕ್ಷಮಿಸಿದ್ದಾರೆಯೇ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ನಾದಿನಿಗೆ ಎಲ್ಲವನ್ನೂ ಹೇಳಿದ್ದೇನೆ. ಅವಳು ಮತ್ತೆ ಮನೆಗೆ ಬರುತ್ತಾಳೆ, ಮೊದಲಿನ ಹಾಗೆ ಜೋರೂ ಮಾಡುತ್ತಾಳೆ. ಕಳೆದ ತಿಂಗಳು ಅಜ್ಜಿಗೆಂದು ಎರಡು ರವಿಕೆ ಹೊಲಿದು ತಂದಳು, ಎಡಗೈ ಎತ್ತಲು ಕಷ್ಟವಾಗದಂತೆ ಮುಂದೆ ಗುಂಡಿ ಇಟ್ಟು, ತೋಳು ಸಡಿಲ ಬಿಟ್ಟು. ನೀನೇ ಕೊಡು ಬಾ ಎಂದು ಕರೆದೆ. ಬೇಕರಿಯವರೆಗೆ ಬಂದಳು. ಅಲ್ಲಿಂದ ಮುಂದೆ ಕಾಲಿಡಲಿಲ್ಲ. ಕೈಚೀಲವನ್ನು ನನ್ನ ಕೈಗೆ ಕೊಟ್ಟು, ಇಲ್ಲೇ ಇರುತ್ತೇನೆ ಎಂದು ಬಿಸಿಲಿನಲ್ಲಿ ನಿಂತಳು. ನಾನು ಬಲವಂತ ಮಾಡಲಿಲ್ಲ. ಅಜ್ಜಿ ಒಂದನ್ನು ಹಾಕಿಕೊಂಡು ನೋಡಿ, ಅಳತೆ ಇಲ್ಲದೆಯೂ ಚೆನ್ನಾಗಿ ಹೊಲಿದಿದ್ದಾಳೆ, ಯಾರು ಅವಳು ಎಂದು ಕೇಳಿದರು. ಅವತ್ತು ಗಾಡಿಯ ಹಿಂದೆ ಕೂತಿದ್ದವಳು ಎಂದೆ. ಅವರು ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಎರಡೂ ರವಿಕೆಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟರು.